ಅರಿಯದ ಕೈ

ನಾಗಿಗೆ ಸೊಸೆಯನ್ನು ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಅವಳೇ ಮುಚ್ಚಿಟ್ಟವಳಲ್ಲ. ಅಂಕೋಲೆಯ ಪೇಟೆಯಲ್ಲಿ ಬುಟ್ಟಿ ಇಳಿಸಿ ಕೂತಳೆಂದರೆ ಬಂಗಡೆಯ ಜೊತೆಗೆ ಸೊಸೆಯ ಸುದ್ದಿಯನ್ನೂ ಹರವುತ್ತಿದ್ದಳು. ಬಂಗಡೆ ಮಾರಿ ಹೋಗುತ್ತಿತ್ತು, ಸುದ್ದಿ ಮರುದಿನಕ್ಕೂ ಉಳಿಯುತ್ತಿತ್ತು.

ಸೊಸೆ ಹೀರಾ ಸದಾಶಿವಗಡದವಳು. ಚಿಕ್ಕಂದಿನಲ್ಲಿ ಕಾಳಿ ನದಿ ದಾಟಿ ಕಾರವಾರದ ಸೋದರಮಾವನ ಮನೆಯಲ್ಲಿ ನಿಂತು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿದ್ದಳು. ಮೀನುಗಾರರ ಮನೆಗೆ ಈ ನಾಲ್ಕು ಇಯತ್ತೆ ಯಾಕೆ ಬೇಕಿತ್ತು ಎಂಬುದು ನಾಗಿಯ ಪ್ರಶ್ನೆ. ಮೀನು ಕೊಯ್ಯಲು ಕೂತರೂ ಇವಳ ಕಣ್ಣು ಬೆಲ್ಲ ಕಟ್ಟಿಕೊಂಡು ಬಂದ ಕಾಗದದ ಮೇಲೆಯೇ ಇರುತ್ತಿತ್ತು. ಕಾಗದ ಓದಿ ಮುಗಿಯುವುದರೊಳಗೆ ಬೆಕ್ಕು ಬಂದು ತನ್ನ ಪಾಲು ತೆಗೆದುಕೊಂಡು ಹೋಗಿರುತ್ತಿತ್ತು. ಬೈಯೋಣವೆಂದರೆ ತಿರುಗಿ ಬೈಯುವ ಹೆಣ್ಣೂ ಅಲ್ಲ. ಸುಮ್ಮನೆ ನೋಡಿ, ತನಗೆ ಬೇಕಾದದ್ದನ್ನೇ ಮಾಡುವವಳು. ಬೈದದ್ದು ಎಲ್ಲಿಗೆ ಹೋಗಿ ಬಿತ್ತು ಎಂದು ತಿಳಿಯದೆ ನಾಗಿಯ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು.

ಮಗ ರಾಮಾ ಮನೆಯಲ್ಲಿದ್ದಿದ್ದರೆ ನಡುವೆ ನಿಲ್ಲುತ್ತಿದ್ದನೋ ಏನೋ. ಅವನು ಮಳೆಗಾಲ ಮುಗಿದದ್ದೇ ಮಚವೆ ಎಂಬ ಹಾಯಿದೋಣಿ ಹತ್ತಿ ಮುಂಬಯಿಯ ಕಡೆಗೆ ಹೋದರೆ ಮತ್ತೆ ಮಳೆ ಹಿಡಿಯುವ ಮೊದಲು ಬರುವವನು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಬೇಲೇಕೇರಿಯ ಆಚೆಗಿನ ಆ ಹರಿಕಂತ್ರ ಕೇರಿಯಲ್ಲಿ, ಹೊನ್ನೆ ಮರದ ಪಕ್ಕದ ಮನೆಯಲ್ಲಿ ಇದ್ದವರು ಮೂರೇ ಜನ: ನಾಗಿ, ಹೀರಾ, ಮತ್ತು ಹೀರಾಳ ಮಗಳು ಸೋಮಿ. ಸೋಮಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ನಾಗಿಯ ಪ್ರೀತಿ ಅನ್ನುವುದು ಏನಾದರೂ ಇದ್ದರೆ ಅದೆಲ್ಲ ಆ ಹುಡುಗಿಯ ಮೇಲೆ ಇತ್ತು.

ಅಂಕೋಲೆಯಲ್ಲಿ ಉಪ್ಪಿನ ಗಲಾಟೆ ಎದ್ದು ತಣ್ಣಗಾದ ಮೇಲಿನ ವರ್ಷಗಳು ಅವು. ಊರಿನ ದೊಡ್ಡವರು ಎಲ್ಲರೂ ಓದಬೇಕು, ಎಲ್ಲರೂ ಓದಬೇಕು ಎಂದು ಹೇಳುತ್ತಿದ್ದರು. ಹಾಗೆಂದು ಕೇರಿಯ ನಾಲ್ಕಾರು ಮಕ್ಕಳನ್ನು ಹಳ್ಳದ ಆಚೆಯ ಶಾಲೆಗೆ ಕಳಿಸಿದ್ದೂ ಆಗಿತ್ತು. ಮಾಸ್ತರರು ಅವರನ್ನು ಜಗಲಿಯ ಹೊರಗೆ ಕೂರಿಸಿ, ಮರಳು ಹರಡಿಕೊಟ್ಟು, ವರ್ಷವಿಡೀ ಅ ಆ ತಿದ್ದಿಸಿದರು. ತಪ್ಪಿದರೆ ಬೆತ್ತ. ಮರಳು ಮನೆಯ ಬಾಗಿಲಲ್ಲೇ ಬಿದ್ದಿರುವಾಗ ಅದಕ್ಕಾಗಿ ಹಳ್ಳ ದಾಟಿ ಹೋಗಿ ಪೆಟ್ಟು ತಿನ್ನುವುದು ಯಾಕೆಂದು ಮಕ್ಕಳು ಒಬ್ಬೊಬ್ಬರಾಗಿ ವಾಪಸಾದರು. ನಾಗಿಗೆ ಸಂತೋಷವಾಯಿತು. ಹೀರಾಳಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳು ಕೂಗುತ್ತಿರಲಿಲ್ಲ ಎಂದೆನಲ್ಲ, ಕೆಲಸಕ್ಕೆ ತೊಡಗುತ್ತಿದ್ದಳು.

ಬಲೆಗೆ ಬಣ್ಣ ಕಟ್ಟಲು ಕುದಿಸುವ ತೊಗಟೆಯ ಕಷಾಯಕ್ಕೆ ದೀಪದ ಮಸಿ ಕಲಸಿದಳು. ತೆಂಗಿನ ಗರಿಯ ಕಡ್ಡಿ ತೆಗೆದುಕೊಂಡಳು. ಸಮುದ್ರ ತಂದು ಹಾಕುವ ಬೆಳಚಿನ ಚಿಪ್ಪುಗಳ ಒಳಮೈಯಲ್ಲಿ ಒಂದೊಂದು ಮಾತು ಬರೆದಳು. ಅ ಅಲ್ಲ, ಆ ಅಲ್ಲ. ಬಲೆ, ಉಪ್ಪು, ದೋಣಿ, ತಾರ್ಲೆ. ಒಣಗಿಸಿ ಹೊನ್ನೆ ಮರದ ಬುಡದ ಮರಳಿನಲ್ಲಿ ಹುಗಿದು ಮಕ್ಕಳನ್ನು ಕರೆದಳು.

ಆಟ ಇಷ್ಟೇ. ಹರಿದ ಬಲೆಯ ಚೂರನ್ನು ಮಕ್ಕಳೆಲ್ಲ ಹಿಡಿದು, ದೊಡ್ಡವರು ರಂಪಣಿ ಬಲೆ ಎಳೆಯುವ ಹಾಗೆ ಕೂಗು ಹಾಕುತ್ತಾ ಎಳೆಯಬೇಕು. ಮರಳಿನಿಂದ ಎದ್ದ ಚಿಪ್ಪುಗಳನ್ನು ಹೀರಾ ಒಂದೊಂದಾಗಿ ತಲೆಯ ಮೇಲೆ ಎತ್ತಿ ಹಿಡಿಯುತ್ತಾಳೆ. ಅದರಲ್ಲಿ ಏನಿದೆ ಎಂದು ಮೊದಲು ಹೇಳಿದವರು ಓಡಿ ಬಂದು ಕಿತ್ತುಕೊಳ್ಳಬೇಕು. ಯಾರಿಗೂ ಗೊತ್ತಾಗದ ಚಿಪ್ಪು ಮತ್ತೆ ಮರಳಿಗೆ ಹೋಗುತ್ತದೆ. ಕಿತ್ತುಕೊಂಡವರು ಆಮೇಲೆ ಆ ಚಿಪ್ಪನ್ನು ಸರಿಯಾದ ಗುಡ್ಡೆಯ ಮೇಲೆ ಇಡಬೇಕು. ಗುಡ್ಡೆಗಳೆಂದರೆ ಮರಳಿನವು, ಒಂದರ ನೆತ್ತಿಯ ಮೇಲೆ ಬಲೆಯ ದಾರ, ಇನ್ನೊಂದರ ಮೇಲೆ ಉಪ್ಪಿನ ಹರಳು, ಮತ್ತೊಂದರ ಮೇಲೆ ತಾರ್ಲೆ ಮೀನಿನ ತಲೆ. ಶಾಲೆಯಲ್ಲಿ ವರ್ಷವಾದರೂ ಬಾರದ್ದು ದೀಪಾವಳಿ ಬರುವುದರೊಳಗೆ ಬಂತು. ಮಕ್ಕಳಿಗೆ ಅಕ್ಷರ ಬೇಕಾಗಿರಲಿಲ್ಲ, ಚಿಪ್ಪು ಬೇಕಾಗಿತ್ತು.

ದೊಡ್ಡವರ ಮೀನಿನ ಗುಡ್ಡೆಗಳಂತೆ ತಮ್ಮ ಗುಡ್ಡೆಗೂ ಮನೆಯವರ ಹೆಸರು ಬೇಕು ಎಂದು ಮಕ್ಕಳೇ ಹಟ ಹಿಡಿದ ಮೇಲೆ ಹೀರಾ ಕೇರಿಯ ಹೆಂಗಸರ ಹೆಸರುಗಳನ್ನೂ ಬರೆದಳು. ಬೀರಿ, ಗಂಗೆ, ನಾಗಿ. ಸೋಮಿಗೆ ಅಜ್ಜಿಯ ಹೆಸರಿನ ಹುಚ್ಚು ಹಿಡಿಯಿತು. ಆಯಿ ಇನ್ನೊಂದು ಬರೆ, ಇನ್ನೊಂದು ಬರೆ ಎಂದು ತಾಯಿಯನ್ನು ಪೀಡಿಸಿ ಅದನ್ನೇ ಹತ್ತಾರು ಚಿಪ್ಪುಗಳ ಮೇಲೆ ಬರೆಸಿಕೊಂಡಳು.

ನಾಗಿಗೆ ಇದು ಯಾವುದೂ ತಿಳಿಯದು. ಅವಳಿಗೆ ಕಂಡದ್ದು ಸೊಸೆ ಕೆಲಸ ಬಿಟ್ಟು ಮಕ್ಕಳ ಜೊತೆ ಕುಣಿಯುವುದು, ಮತ್ತು ಒಳ್ಳೇ ಚಿಪ್ಪುಗಳು ಹಾಳಾಗುವುದು. ಚಿಪ್ಪು ಸುಟ್ಟು ಸುಣ್ಣ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಆ ದಂಡೆಯಲ್ಲಿ ಇರಲಿಲ್ಲ, ಎಲೆಯಡಿಕೆಯ ಕವಳ ಹಾಕುವವರೆಲ್ಲ ಅವಳ ಸುಣ್ಣಕ್ಕೇ ಬರುತ್ತಿದ್ದರು. ಒಂದು ದಿನ ಹೀರಾ ನೀರಿಗೆ ಹೋದಾಗ ನಾಗಿ ಬರೆದ ಚಿಪ್ಪುಗಳನ್ನೆಲ್ಲ ಬಾಚಿ ತೆಂಗಿನ ಸಿಪ್ಪೆಯ ಜೊತೆ ಸುಟ್ಟುಬಿಟ್ಟಳು. ಸೊಸೆ ಕೊಡ ಇಳಿಸುವುದನ್ನೇ ಕಾದಿದ್ದು, ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು.

"ನಿನ್ನ ಅಕ್ಷರ ಎಲ್ಲಾ ಸುಣ್ಣ ಆಯ್ತು ಕಾಣು. ಕವಳಕ್ಕೆ ಹಚ್ಕಂಡೆ. ರುಚಿ ಅಡ್ಡಿಲ್ಲ."

ಹೀರಾ ಬೂದಿಯ ಗುಂಡಿಯನ್ನು ನೋಡಿದಳು. "ಚಿಪ್ಪು ಸಮುದ್ರ ದಿನಾ ತಂದು ಹಾಕ್ತದೆ, ಅತ್ತೆ" ಎಂದು ಹೇಳಿ ಒಳಗೆ ಹೋದಳು. ಸಂಜೆಗೆ ಮತ್ತೆ ಬರೆದಿದ್ದಳು. ನಾಗಿ ಮತ್ತೆ ಸುಟ್ಟಳು. ಆ ಹಂಗಾಮಿನಲ್ಲಿ ಅತ್ತೆ ಸೊಸೆಯರ ಮಾತುಕತೆಯೆಂದರೆ ಇದೊಂದೇ ಆಗಿತ್ತು, ಇವಳು ಬರೆಯುವುದು, ಅವಳು ಸುಡುವುದು.

ಇನ್ನು ಆ ಕೇರಿಯ ಒಂದು ಪದ್ಧತಿಯನ್ನು ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ರಂಪಣಿ ಎಂಬ ದೊಡ್ಡ ಬಲೆ ಒಬ್ಬರದಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ನೇಯ್ದು ತಂದು, ಎಲ್ಲ ಸೇರಿಸಿ ಕಟ್ಟಿದ ಬಲೆ ಅದು. ನಿನ್ನ ತುಂಡು ಬಲೆಯಲ್ಲಿ ಇರುವ ತನಕ ನಿನಗೆ ಪಾಲು ಉಂಟು. ತುಂಡು ಬಿಚ್ಚಿ ಕೈಗೆ ಕೊಟ್ಟರೆ ಸಮುದ್ರದ ಜೊತೆಗಿನ ನಿನ್ನ ಸಂಬಂಧ ಮುಗಿಯಿತು. ಮೀನು ಬಂದಾಗ ಬಲೆಯ ಮುಖಂಡನಾದ ತಾಂಡೇಲ ಅದನ್ನು ಮನೆಗೊಂದರಂತೆ ಗುಡ್ಡೆ ಹಾಕುತ್ತಾನೆ. ಎಷ್ಟು ಸರಿ ಹಾಕಿದರೂ ಒಂದು ಗುಡ್ಡೆ ಹೆಚ್ಚು, ಒಂದು ಕಮ್ಮಿ ಆಗುವುದೇ. ಅದಕ್ಕೆ ಜಗಳ ಬೇಡವೆಂದು ಹಿರಿಯರು ಗುರ್ತು ಹಾಕುವ ಕ್ರಮ ಮಾಡಿದ್ದರು. ಪ್ರತಿ ಮನೆಯವರು ಕೈಗೆ ಸಿಕ್ಕಿದ ಒಂದು ವಸ್ತುವನ್ನು, ಕಡ್ಡಿಯೋ ಚಿಪ್ಪೋ ಹಗ್ಗದ ಚೂರೋ, ಮೊರದೊಳಗೆ ಹಾಕುತ್ತಾರೆ. ಆಗ ಒಂದು ಚಿಕ್ಕ ಮಗು ಸಮುದ್ರಕ್ಕೆ ಮುಖ ಮಾಡಿ ನಿಂತಿರುತ್ತದೆ. ಆಮೇಲೆ ಮಗು ತಿರುಗಿ, ಮೊರದಿಂದ ಒಂದೊಂದೇ ವಸ್ತು ತೆಗೆದು ಒಂದೊಂದು ಗುಡ್ಡೆಯ ಮೇಲೆ ಇಡುತ್ತದೆ. ಯಾರ ಗುರ್ತು ಯಾವ ಗುಡ್ಡೆಯ ಮೇಲೆ ಬಿತ್ತೋ ಆ ಗುಡ್ಡೆ ಅವರದು. ಆ ಮಗುವಿನ ಕೈಗೆ ಅರಿಯದ ಕೈ ಎಂದು ಹೆಸರು. ಅದಕ್ಕೆ ಏನೂ ಗೊತ್ತಿರಬಾರದು. ಗೊತ್ತಿಲ್ಲದ ಕೈಯಿಂದ ಹಂಚಿದರೇ ಸಮುದ್ರ ಮತ್ತೆ ಕೊಡುತ್ತದೆ ಎಂದು ನಂಬಿಕೆ.

ಕಳೆದ ಹಂಗಾಮಿನಿಂದ ಅರಿಯದ ಕೈ ಸೋಮಿಯದು. ಹಂಚುವ ಮೊದಲೇ ಎರಡು ಬೊಗಸೆ ಮೀನು ಆ ಮನೆಗೆ ಸಲ್ಲುತ್ತಿತ್ತು. ಆದರೆ ನಾಗಿಗೆ ಮೀನಿಗಿಂತ ದೊಡ್ಡದು ಬೇರೆಯೇ ಇತ್ತು. ಬಲೆ ಎಳೆಯಲು ಗಂಡಸಿಲ್ಲದ ಮನೆಯ ತುಂಡು ಬಲೆಯಲ್ಲಿ ಯಾಕೆ ಇರಬೇಕು ಎಂಬ ಮಾತನ್ನು ನೆರೆಮನೆಯ ಬೀರಿ ಮೂರು ಸಲ ತೆಗೆದಿದ್ದಳು. ಅರಿಯದ ಕೈ ಆ ಮನೆಯಲ್ಲಿ ಇರುವಷ್ಟು ದಿನ ಆ ಮಾತು ಮುಂದಕ್ಕೆ ಹೋಗುವಂತಿರಲಿಲ್ಲ. ಸೋಮಿಯ ಪುಟ್ಟ ಕೈಯ ಮೇಲೆ ಅಜ್ಜಿಯ ಬಲೆಯ ತುಂಡು ನಿಂತಿತ್ತು.

ಆ ಬೆಳಿಗ್ಗೆ ಬಂಗಡೆ ಬಂತು. ಎಳೆದಷ್ಟೂ ಮುಗಿಯದ ಹಾಗೆ ಬಂತು. ಪೇಟೆಗೆ ಹೋಗುವ ಗಾಡಿಗಳು ಹೊನ್ನೆ ಮರದ ಕೆಳಗೆ ಬಂದು ನಿಂತವು. ತಾಂಡೇಲ ತುಳಸಿದಾಸ ಅವಸರದಲ್ಲಿ ಗುಡ್ಡೆ ಹಾಕಿದ. ಅವಸರದಲ್ಲಿ ಹಾಕಿದ್ದರಿಂದ ಒಂದು ಗುಡ್ಡೆ ಎಲ್ಲರ ಕಣ್ಣಿಗೆ ಬೀಳುವಷ್ಟು ದೊಡ್ಡದಾಯಿತು, ತುದಿಯದು ತೀರಾ ಸಣ್ಣದಾಯಿತು. ಸರಿಮಾಡಲು ಪುರಸೊತ್ತು ಇರಲಿಲ್ಲ, ಬಿಸಿಲು ಏರುತ್ತಿತ್ತು. ಗುರ್ತು ಹಾಕಿ ಎಂದ. ಹೆಂಗಸರು ಕಾಲಡಿಗೆ ಸಿಕ್ಕಿದ್ದನ್ನು ಎತ್ತಿ ಮೊರಕ್ಕೆ ಹಾಕಿದರು. ಕಾಲಡಿಗೆ ಸಿಕ್ಕಿದ್ದು ಹಿಂದಿನ ಸಂಜೆ ಮಕ್ಕಳು ಆಡಿ ಬಿಟ್ಟುಹೋದ ಚಿಪ್ಪುಗಳು. ಅವುಗಳ ಒಳಗೆ ಏನೋ ಗೀಚಿದ್ದು ಕಂಡಿತು, ಆದರೆ ಅವರಿಗೆಲ್ಲ ಒಂದು ಗೀಚೂ ಇನ್ನೊಂದು ಗೀಚೂ ಒಂದೇ. ಆಕಾರ ನೋಡಿ ಇದು ನನ್ನದು, ಅಂಚು ಮುರಿದದ್ದು, ಇದು ನನ್ನದು, ಕೆಂಪು ಗೆರೆಯದು ಎಂದು ನೆನಪಿಟ್ಟುಕೊಂಡರು. ನಾಗಿಯೂ ಒಂದು ಚಿಪ್ಪನ್ನೇ ಹಾಕಿದಳು. ಹೀರಾ ಆಗ ಬುಟ್ಟಿ ತರಲು ಮನೆಗೆ ಹೋಗಿದ್ದಳು.

ಸೋಮಿ ತಿರುಗಿದಳು. ಮೊರಕ್ಕೆ ಕೈ ಹಾಕಿದಳು. ದಿನವೂ ಕಣ್ಣು ಮುಚ್ಚಿದ ಹಾಗೆ ಒಂದರ ಹಿಂದೆ ಒಂದು ಇಟ್ಟು ಮುಗಿಸುವ ಹುಡುಗಿ ಆ ದಿನ ಒಂದು ಚಿಪ್ಪನ್ನು ಹಿಡಿದು ನಿಂತಳು. ಅದನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ನಕ್ಕಳು. ಆಮೇಲೆ ಹತ್ತಿರದ ಗುಡ್ಡೆಗಳನ್ನೆಲ್ಲ ದಾಟಿಕೊಂಡು ಹೋಗಿ ಆ ದೊಡ್ಡ ಗುಡ್ಡೆಯ ನೆತ್ತಿಯ ಮೇಲೆ ಅದನ್ನು ಇಟ್ಟು ಬಂದಳು. ಉಳಿದವನ್ನು ಬೇಗ ಬೇಗ ಹಂಚಿದಳು.

ಬೀರಿ ದೊಡ್ಡ ಗುಡ್ಡೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅಂಚು ಮುರಿದ ಚಿಪ್ಪು. ತನ್ನದೇ. ಅವಳ ಮುಖ ಅಷ್ಟು ಅರಳಿದ್ದನ್ನು ಕೇರಿಯವರು ಕಂಡಿರಲಿಲ್ಲ. ಸೆರಗು ಸಿಕ್ಕಿಸಿ ಬುಟ್ಟಿಗೆ ತುಂಬಲು ಕೂತಳು. ಆಗ ಸೋಮಿ ಓಡಿ ಬಂದು ಅವಳ ಕೈ ಹಿಡಿದಳು.

"ಅದು ನಿಂದಲ್ಲ ಬೀರಜ್ಜಿ, ನಮ್ಮ ಅಜ್ಜಿದು. ನಾಗಿ ಅಂತ ಅದ್ರಾಗೆ ಬರ್ದದೆ."

ಬುಟ್ಟಿ ತುಂಬುತ್ತಿದ್ದವರೆಲ್ಲ ಕೆಲಸ ಬಿಟ್ಟು ಇತ್ತ ತಿರುಗಿದರು. ಹುಡುಗಿಗೆ ಪಾಪ, ಹೆಸರಿದ್ದವರದೇ ಚಿಪ್ಪು ಎಂದು ಅನಿಸಿತ್ತು. ಹೆಸರು ಒಬ್ಬರದು, ಹಾಕಿದವರು ಇನ್ನೊಬ್ಬರು ಆಗಬಹುದು ಎಂಬುದು ಅವಳ ತಲೆಗೆ ಹೊಳೆದಿರಲಿಲ್ಲ. ಅಜ್ಜಿಗೆ ಒಳ್ಳೇದು ಮಾಡಲು ಹೋಗಿ ಅಜ್ಜಿಯ ಹಗೆಯ ಮಡಿಲಿಗೆ ದೊಡ್ಡ ಗುಡ್ಡೆಯನ್ನು ಹಾಕಿದ್ದಳು. ತಾಂಡೇಲ ತುಳಸಿದಾಸ ಬಂದು ಆ ಚಿಪ್ಪನ್ನು ಎತ್ತಿ ನೋಡಿದ. ಅವನಿಗೂ ಓದು ಬಾರದು. ನಾಗಿಯ ಮುಖದ ಮುಂದೆ ಅದನ್ನು ಹಿಡಿದ.

"ಹಂಗಾರೆ ಈ ಕೈಗೆ ಗೊತ್ತಿತ್ತು, ಅಕ್ಕ."

ನಾಗಿ ಆ ಚಿಪ್ಪನ್ನು ನೋಡಿದಳು. ಅಷ್ಟು ಸಿಟ್ಟಿನಿಂದ ಅವಳು ಯಾವ ವಸ್ತುವನ್ನೂ ನೋಡಿದ್ದಿಲ್ಲ. ಎರಡು ಕಪ್ಪು ಗುರುತು. ಒಂದರದು ಬಾಲ ಪಕ್ಕಕ್ಕೆ ಚಾಚಿತ್ತು, ಇನ್ನೊಂದು ತಲೆಯ ಮೇಲೆ ತುರುಬು ಕಟ್ಟಿಕೊಂಡು ಕೂತಿತ್ತು. ಇದು ತಾನಂತೆ. ಇದಕ್ಕಾಗಿ ತನ್ನ ಗಂಡ ನೇಯ್ದ ಬಲೆಯ ತುಂಡು ಹೋಗಬೇಕಂತೆ. ಕಣ್ಣು ಕೀಳಲಾರದೆ ಅದನ್ನೇ ನೋಡುತ್ತಾ ನಿಂತಳು.

ಸಣ್ಣ ಗುಡ್ಡೆ ಬಂದದ್ದು ಗಂಗೆಗೆ. ಅವಳು ಬಾಯಿ ತೆರೆದವಳು ಮುಚ್ಚಲಿಲ್ಲ. ಅರಿಯದ ಕೈಗೆ ಓದು ಕಲಿಸಿ ಮೀನು ಕದಿಯಲು ಹೊರಟ ಮನೆ ಇದು, ಎಷ್ಟು ದಿನದಿಂದ ನಡೆದಿದೆಯೋ, ಹಿಂದಿನ ಪಾಲುಗಳೆಲ್ಲ ಮೋಸವೇ ಇರಬೇಕು, ಇವರ ತುಂಡನ್ನು ಇವತ್ತೇ ಬಿಚ್ಚಿ ಎಂದಳು. ಗಂಡಸರಲ್ಲಿ ಕೆಲವರು ಹೌದೆಂದರು. ಒಬ್ಬ ಆಗಲೇ ಬಲೆಯ ಕಡೆಗೆ ನಡೆದ.

ಅಷ್ಟರಲ್ಲಿ ಹೀರಾ ಬುಟ್ಟಿ ಹಿಡಿದು ಬಂದಳು. ನಾಗಿಗೆ ಬೇಕಾದದ್ದು ಎದುರೇ ಬಂದು ನಿಂತಂತಾಯಿತು.

"ಕಲ್ಸಿದ್ದು ಇವ್ಳು, ತಮಾ. ನಂಗೆ ಇದ್ರ ಗಂಧನೂ ಇಲ್ಲ. ಇವ್ಳನ್ನ ಇವತ್ತೇ ಸದಾಶಿವಗಡಕ್ಕೆ ಕಳಸ್ತೆ. ನನ್ನ ತುಂಡು ಮುಟ್ಟಬೇಡಿ."

ಹೀರಾ ಬುಟ್ಟಿಯನ್ನು ಕೆಳಗಿಟ್ಟಳು. ಆಗಿದ್ದು ಏನೆಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಲೆ ತಗ್ಗಿಸಲಿಲ್ಲ.

"ಹೋಗ್ತೆ, ಅತ್ತೆ. ಸೋಮಿನ್ನೂ ಕರ್ಕಂಡೇ ಹೋಗ್ತೆ."

ಸೊಸೆ ಹೋಗುವುದನ್ನು ನಾಗಿ ಎಷ್ಟೋ ಸಲ ಮನಸ್ಸಿನಲ್ಲಿ ಕಂಡು ಖುಷಿಪಟ್ಟಿದ್ದಳು, ಆದರೆ ಆ ನೋಟದಲ್ಲಿ ಸೋಮಿ ಯಾವಾಗಲೂ ತನ್ನ ಸೊಂಟದ ಮೇಲೆ ಕೂತಿರುತ್ತಿದ್ದಳು. ಈಗ ತುಂಡನ್ನು ಉಳಿಸಿದರೆ ಹುಡುಗಿ ಹೋಗುತ್ತಾಳೆ, ಹುಡುಗಿಯನ್ನು ಉಳಿಸಿದರೆ ತುಂಡು ಹೋಗುತ್ತದೆ.

ಆಗ ಸಹಾಯ ಬಂದದ್ದು ಯಾರೂ ಎಣಿಸದ ಕಡೆಯಿಂದ. ಬೀರಿ ದೊಡ್ಡ ಗುಡ್ಡೆಯ ಪಕ್ಕ ಕೂತವಳು ಎದ್ದೇ ಇರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು. ಹುಡುಗಿಗೆ ಓದು ಬರುತ್ತದೆ ಎಂದಾದರೆ ನಾಗಿಯ ತುಂಡು ಹೋಗುತ್ತದೆ, ಅದು ತನಗೆ ಬೇಕಾದದ್ದೇ. ಆದರೆ ಆಗ ಈ ಹಂಚಿಕೆಯೂ ಕೆಡುತ್ತದೆ, ಈ ಗುಡ್ಡೆಯೂ ಕೈತಪ್ಪುತ್ತದೆ. ಹಗೆಯೋ ಬಂಗಡೆಯೋ ಎಂದು ಕೇಳಿಕೊಂಡು ಬೀರಿ ಬಂಗಡೆಯನ್ನು ಆರಿಸಿದಳು.

"ಇಷ್ಟುದ್ದದ ಹೆಣ್ಣಿಗೆ ಓದು ಎಲ್ಲಿಂದ ಬಂತು, ತಾಂಡೇಲ? ಬಾಯಿಗೆ ಬಂದದ್ದು ಹೇಳ್ತು. ಗುರ್ತು ನಂದು, ಗುಡ್ಡೆ ನಂದು."

ನಾಗಿ ತಟ್ಟನೆ ಅದನ್ನು ಹಿಡಿದುಕೊಂಡಳು. ಹೌದು, ಮಗುವಿನ ಮಾತು, ಅದಕ್ಕೇನು ಗೊತ್ತು ಎಂದಳು. ಜನ್ಮದಲ್ಲಿ ಮೊದಲ ಸಲ ಆ ಇಬ್ಬರು ಮುದುಕಿಯರು ಒಂದೇ ಮಾತು ಆಡಿದರು. ಗಂಗೆ ಒಪ್ಪಲಿಲ್ಲ. ಹಾಗಾದರೆ ಪರೀಕ್ಷೆ ಮಾಡಿ, ಓದು ಬಂದರೆ ತುಂಡು ಬಿಚ್ಚಿ, ಬಾರದಿದ್ದರೆ ನಾನು ಈ ಸಣ್ಣ ಗುಡ್ಡೆಯನ್ನು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಹೋಗುತ್ತೇನೆ ಎಂದಳು. ತುಳಸಿದಾಸನಿಗೆ ಅದು ಸರಿ ಕಂಡಿತು. ಹೊನ್ನೆ ಮರದ ಬುಡದಿಂದ ಚಿಪ್ಪುಗಳನ್ನು ಬಾಚಿ ತರಿಸಿದ. ಓದಿದ್ದು ಸರಿಯೋ ತಪ್ಪೋ ಹೇಳಲು ಗಾಡಿಯ ಜೊತೆ ಬಂದಿದ್ದ ಪೇಟೆಯ ಗುಮಾಸ್ತನನ್ನು ಕರೆದು ನಿಲ್ಲಿಸಿದ.

ನಾಗಿ ಸೋಮಿಯನ್ನು ಬರಸೆಳೆದು, ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ಬಾಯಿ ತಂದಳು. "ಗೊತ್ತಿಲ್ಲ ಅನ್ನು. ಎಂತಾ ಕೇಳಿದ್ರೂ ಗೊತ್ತಿಲ್ಲ ಅನ್ನು. ಇಲ್ದಿದ್ರೆ ನಾನು ಸತ್ತೋಗ್ತೆ."

ಹೀರಾಳಿಗೆ ಅದು ಕೇಳಿಸಿತು. ಓದು ಎಂದು ಹೇಳಿದರೆ ಮನೆಯ ಅನ್ನ ಹೋಗುತ್ತದೆ, ಓದಬೇಡ ಎನ್ನಲು ಅವಳ ನಾಲಿಗೆ ಏಳಲಿಲ್ಲ. ಸಮುದ್ರದ ಕಡೆಗೆ ಮುಖ ತಿರುಗಿಸಿ ನಿಂತಳು.

ತಾಂಡೇಲ ಒಂದು ಚಿಪ್ಪನ್ನು ಸೋಮಿಯ ಮುಂದೆ ಹಿಡಿದ. ಸೋಮಿ ಅದನ್ನು ನೋಡಿ, "ಗೊತ್ತಿಲ್ಲ" ಅಂದಳು. ಎರಡನೆಯದನ್ನು ಹಿಡಿದ. ಅದು ಬಲೆ, ಅವಳು ಎಲ್ಲರಿಗಿಂತ ಮೊದಲು ಗೆದ್ದಿದ್ದ ಚಿಪ್ಪು. "ಗೊತ್ತಿಲ್ಲ." ಕಣ್ಣಿನಿಂದ ನೀರು ಇಳಿಯಿತು. ಬೀರಿ ಬುಟ್ಟಿಗೆ ಮೀನು ತುಂಬಲು ಸುರುಮಾಡಿದಳು. ಗಂಗೆಯ ಮುಖ ಸಣ್ಣದಾಯಿತು. ನಾಗಿಯ ಉಸಿರು ಹಗುರವಾಗುತ್ತಾ ಬಂತು.

ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಹಿಂದೆ ನಿಂತವರು ಕಾಣಿಸುವುದಿಲ್ಲ ಎಂದು ಗೊಣಗಿದರು. ತುಳಸಿದಾಸ ಮೂರನೆಯ ಚಿಪ್ಪನ್ನು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆ ಎತ್ತಿ ಹಿಡಿದ.

ಹೀರಾ ಎತ್ತಿ ಹಿಡಿಯುತ್ತಿದ್ದುದೂ ಹಾಗೆಯೇ.

ಜನರ ಕಾಲುಗಳ ಸಂದಿಯಲ್ಲಿ ಕೇರಿಯ ಮಕ್ಕಳೆಲ್ಲ ನುಸುಳಿ ನಿಂತಿದ್ದರು. ಅವರಿಗೆ ಬಲೆಯ ತುಂಡೂ ತಿಳಿಯದು, ಪಾಲೂ ತಿಳಿಯದು. ಚಿಪ್ಪು ಮೇಲೆ ಎದ್ದಿತು, ಮೊದಲು ಹೇಳಿದವರಿಗೆ ಅದು ಸಿಗುತ್ತದೆ, ಸೋಮಿ ಪೆದ್ದಿಯ ಹಾಗೆ ಸುಮ್ಮನಿದ್ದಾಳೆ. ಬೀರಿಯ ಮೊಮ್ಮಗ ಪುಟ್ಟು ಇನ್ನು ತಡೆಯಲಾರದೆ ಹೋದ. "ಉಪ್ಪು" ಎಂದು ಕಿರುಚಿ ಓಡಿ ಬಂದು, ತಾಂಡೇಲನ ತೋಳಿಗೆ ಜೋತುಬಿದ್ದು ಚಿಪ್ಪನ್ನು ಕಿತ್ತುಕೊಂಡ. ಗುಮಾಸ್ತ ಹೌದೆಂದು ತಲೆಯಾಡಿಸಿದ. ಬೀರಿ ಎದ್ದು ಬಂದು ಮೊಮ್ಮಗನ ಕೆನ್ನೆಗೆ ಬಾರಿಸಿದಳು. ಅವನು ಅತ್ತ, ಚಿಪ್ಪು ಬಿಡಲಿಲ್ಲ.

ಹುಡುಗನಿಗೂ ಬರುತ್ತದೆಯೇ ಎಂದು ಬೆರಗಾದ ತಾಂಡೇಲ ಪರೀಕ್ಷೆಗಾಗಿ ಇನ್ನೊಂದನ್ನು ಎತ್ತಿದ. ಗಂಗೆಯ ಸಣ್ಣ ಮಗಳು ಅದರಲ್ಲಿದ್ದದ್ದನ್ನು ಒದರಿ ಕಿತ್ತುಕೊಂಡಳು. ಮತ್ತೊಂದನ್ನು ಎತ್ತಿದಾಗ ಎರಡು ಮೂರು ಬಾಯಿಗಳು ಒಟ್ಟಿಗೆ ತೆರೆದವು, ಅವುಗಳಲ್ಲಿ ಒಂದು ತಾಂಡೇಲನ ಸ್ವಂತ ಮೊಮ್ಮಗಳದು. ತನ್ನ ಚಿಪ್ಪುಗಳೆಲ್ಲ ಕಂಡವರ ಪಾಲಾಗುವುದನ್ನು ಸೋಮಿ ಎಷ್ಟು ಹೊತ್ತು ನೋಡಿಯಾಳು? ಅಜ್ಜಿಯ ಹೆಬ್ಬೆರಳನ್ನು ಕಚ್ಚಿ, ಕೈ ಬಿಡಿಸಿಕೊಂಡು, "ದೋಣಿ, ಅದು ನಂದು" ಎಂದು ಹಾರಿ ಹೋದಳು. ಗಳಿಗೆಯೊಳಗೆ ತಾಂಡೇಲನ ಕೈ ಬರಿದಾಯಿತು. ಮಕ್ಕಳು ಗೆದ್ದ ಚಿಪ್ಪುಗಳನ್ನು ಉಡಿಯಲ್ಲಿ ಹಾಕಿಕೊಂಡು ಹೀರಾಳ ಸುತ್ತ ಸೇರಿ, ಇನ್ನು ಗುಡ್ಡೆ ಯಾವುದು ಎಂದು ಕೇಳತೊಡಗಿದರು.

ಗಂಗೆ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು. ತುಳಸಿದಾಸ ಸುತ್ತ ನೋಡಿದ. ಮಕ್ಕಳಿದ್ದ ಮನೆಗಳಲ್ಲಿ ಓದುವ ಮಗು ಇಲ್ಲದ ಮನೆ ಕಾಣಲಿಲ್ಲ. ಬಿಸಿಲಿಗೆ ಬಂಗಡೆಯ ಹೊಳಪು ಆರುತ್ತಿತ್ತು, ಗಾಡಿಯವರು ಎತ್ತು ಬಿಚ್ಚುವುದೋ ಹೂಡುವುದೋ ಎಂದು ಬೈಯುತ್ತಿದ್ದರು.

"ಬಿಚ್ಚುದಾದ್ರೆ ಎಲ್ಲರ ತುಂಡೂ ಬಿಚ್ಚಬೇಕು" ಎಂದ. "ಆಮೇಲೆ ಸಮುದ್ರಕ್ಕೆ ಎಂತಾ ಹಾಕುದು, ನನ್ನ ಪಂಚೆಯಾ?"

ಯಾರೂ ನಗಲಿಲ್ಲ. ಹಂಚಿಕೆ ಮತ್ತೆ ಆಗಬೇಕೆಂದೂ, ಇನ್ನು ಮೇಲೆ ಗುರ್ತಿಗೆ ಕಡ್ಡಿ ಬಿಟ್ಟು ಚಿಪ್ಪು ಹಾಕುವಂತಿಲ್ಲವೆಂದೂ, ಬಲೆ ಎಳೆಯುವ ಜಾಗದಲ್ಲಿ ಈ ಆಟ ಆಡುವಂತಿಲ್ಲವೆಂದೂ ಅವನು ಒಂದೇ ಉಸಿರಿಗೆ ಹೇಳಿದ. ಬೀರಿ ತುಂಬಿದ ಬುಟ್ಟಿಯನ್ನು ಬಾಯಿಗೆ ಬಂದದ್ದು ಬೈಯುತ್ತಾ ಸುರಿದಳು. ಆದರೆ ಹಂಚಲು ಕೈ ಬೇಕಲ್ಲ. ಕಡ್ಡಿಯೇ ಇರಲಿ, ಏನೇ ಇರಲಿ, ಅರಿತ ಕೈ ಅರಿತದ್ದೇ. ನಡೆಯಲು ಬರುವ ಮಕ್ಕಳೆಲ್ಲರೂ ಕೆಟ್ಟಿದ್ದರು, ಕೆಡದಿದ್ದವು ಮೊಲೆ ಬಿಡದ ಕೂಸುಗಳು. ತುಳಸಿದಾಸನ ಕಣ್ಣು ಜನರ ಮೇಲೆಲ್ಲ ಹರಿದು ಬಂದು ನಾಗಿಯ ಮೇಲೆ ನಿಂತಿತು. ಅವನಿಗೂ ಅವಳ ಮೇಲೆ ಸಿಟ್ಟಿತ್ತು, ಇಡೀ ಬೆಳಗು ಹಾಳಾದದ್ದು ಅವಳ ಮನೆಯಿಂದ.

"ಆ ಅಕ್ಷರ ಸುಟ್ಟು ಸುಣ್ಣ ಮಾಡಿ ತಿಂದವ್ಳು ನೀನು, ಅಕ್ಕ. ನಿನ್ನಷ್ಟು ಅರಿಯದ ಕೈ ಈ ಕೇರಿಲಿ ಇನ್ನೊಂದಿಲ್ಲ. ಬಾ, ಹಾಕು."

ಈಗ ಜನ ನಕ್ಕರು. ಹಾಲುಹಲ್ಲಿನ ಮಕ್ಕಳು ಮಾಡುವ ಕೆಲಸಕ್ಕೆ ಹಲ್ಲು ಹೋದ ಮುದುಕಿ. ನಾಗಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ತಾಂಡೇಲ ಇನ್ನೂ ಮುಗಿಸಿರಲಿಲ್ಲ. ಈ ಕೈ ಅರಿಯದೆ ಇರುವಷ್ಟು ದಿನ ನಿಮ್ಮ ತುಂಡಿನ ಮಾತು ಯಾರೂ ಎತ್ತುವಂತಿಲ್ಲ ಎಂದ. ಎಂದು ಇದಕ್ಕೆ ಒಂದು ಅಕ್ಷರ ತಿಳಿಯಿತೋ ಅಂದು ಕೈಯೂ ಹೋಯಿತು, ಗಂಡಸಿಲ್ಲದ ಮನೆಗೆ ಪಾಲು ಯಾಕೆ ಎಂಬ ಮಾತೂ ಎದ್ದಿತು ಎಂದ. ನಾಗಿ ನಗುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಸೆರಗು ಕಟ್ಟಿ, ಸಮುದ್ರಕ್ಕೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ, ಮನೆಯ ಪರವಾಗಿ ಹೀರಾ ಹಾಕಿದ್ದೂ ಸೇರಿ, ಕಡ್ಡಿಗಳು ಮೊರಕ್ಕೆ ಬೀಳುವ ಸದ್ದು ಕೇಳಿತು, ಕಚ್ಚಿಸಿಕೊಂಡ ಹೆಬ್ಬೆರಳು ಉರಿಯುತ್ತಿತ್ತು.

ಹಂಚಿದಳು. ತನ್ನ ಕೈಯಾರೆ ತನ್ನ ಮನೆಗೆ ಹಾಕಿಕೊಂಡದ್ದು ತುದಿಯ ಆ ಸಣ್ಣ ಗುಡ್ಡೆ. ಅದಕ್ಕೆ ಅವಳು ಯಾರನ್ನೂ ಬೈಯುವಂತಿರಲಿಲ್ಲ, ಆ ದಿನದ ದುಃಖಗಳಲ್ಲಿ ಅದೂ ಒಂದು. ಆದರೆ ಅರಿಯದ ಕೈಗೆ ಸಲ್ಲುವ ಎರಡು ಬೊಗಸೆಯನ್ನು ಎತ್ತುವಾಗ ನಾಗಿಯ ಬೊಗಸೆ ಸೋಮಿಯ ಬೊಗಸೆಗಿಂತ ಎಷ್ಟು ದೊಡ್ಡದೆಂದು ಕೇರಿಗೆ ಗೊತ್ತಾಯಿತು.

ಅತ್ತೆ ಸೊಸೆ ಮನೆಗೆ ಬಂದರು. ಸದಾಶಿವಗಡದ ಮಾತನ್ನು ನಾಗಿ ಎತ್ತಲಿಲ್ಲ, ಹೀರಾ ಮರೆಯಲೂ ಇಲ್ಲ. ಮರುದಿನದಿಂದ ಆಟ ದಂಡೆ ಬಿಟ್ಟು ಅವರ ಅಂಗಳಕ್ಕೆ ಬಂತು. ತನ್ನ ಬಾಗಿಲಿನಲ್ಲೇ ಕೇರಿಯ ಮಕ್ಕಳೆಲ್ಲ ಕಿರುಚುವುದನ್ನು ನಾಗಿ ಸಹಿಸಿದಳು, ಸಹಿಸುತ್ತಾ ಬೈದಳು. ಅಂಗಳಕ್ಕೆ ಬೆನ್ನು ಹಾಕಿ ಕೂತು ಬೈಯುತ್ತಿದ್ದಳು. ಅಕ್ಷರ ಕಣ್ಣಿಗೆ ಬೀಳಬಾರದಲ್ಲ.

ಸುಣ್ಣ ಮುಗಿಯಿತು. ನಾಗಿ ಹಳೆಯ ಅಭ್ಯಾಸದಂತೆ ಅಂಗಳದಲ್ಲಿ ಬಿದ್ದಿದ್ದ ಚಿಪ್ಪುಗಳನ್ನು ಬುಟ್ಟಿಗೆ ಬಾಚಿ ಗುಂಡಿಯ ಹತ್ತಿರ ಕೂತಳು. ಒಂದೊಂದನ್ನೇ ಎತ್ತಿ ಬೆಂಕಿಗೆ ಹಾಕುತ್ತಿದ್ದಳು. ಹಾಕುವ ಮೊದಲು ಒಂದು ಸಲ ಮಗುಚಿ ನೋಡುತ್ತಿದ್ದಳು. ಹಿಂದೆ ಹೀಗೆ ನೋಡುತ್ತಿರಲಿಲ್ಲ. ಬೇಡವೆಂದರೂ ಕಣ್ಣು ಕೇಳುತ್ತಿರಲಿಲ್ಲ.

ಬಾಲ ಪಕ್ಕಕ್ಕೆ ಚಾಚಿದ್ದು. ತಲೆಯ ಮೇಲೆ ತುರುಬು ಕಟ್ಟಿದ್ದು.

ಆ ದಿನದ ಅಂಚು ಮುರಿದ ಚಿಪ್ಪಲ್ಲ ಇದು, ಬೇರೆ, ನುಣುಪಾದದ್ದು. ಆದರೆ ಒಳಗೆ ಕೂತಿದ್ದವಳು ಅವಳೇ, ನಾಗಿ. ನಾಗಿಯ ಕೈ ಬೆಂಕಿಯ ಮೇಲೆ ನಿಂತುಬಿಟ್ಟಿತು. ಈ ಹಂಗಾಮಿನಲ್ಲಿ ಎಷ್ಟು ಚಿಪ್ಪು ಸುಟ್ಟಿದ್ದಳು, ಎಷ್ಟು ಸಲ ತನ್ನನ್ನು ತಾನೇ ಎಲೆಗೆ ಸವರಿ ಜಗಿದು ಉಗುಳಿದ್ದಳು, ಅದೆಲ್ಲ ನೆನಪಾಯಿತು. ಸಿಟ್ಟು ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಚಿಪ್ಪನ್ನು ಬೆಂಕಿಗೆ ಹಾಕದೆ ಮಡಿಲಿನಲ್ಲಿ ಇಟ್ಟುಕೊಂಡಳು. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಹೀರಾ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಅವಳು ಒಂದು ಮಾತು ಆಚೆ ಆಡಿದರೆ ಸಾಕು, ಕೈ ಹೋಗುತ್ತದೆ, ತುಂಡು ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು. ಹೀರಾ ಏನೂ ಹೇಳದೆ ಒಳಗೆ ಹೋದಳು. ಹೇಳದೆ ಹೋದದ್ದು ಪ್ರೀತಿಯಿಂದ ಅಲ್ಲ. ಇನ್ನು ಮೇಲೆ ತನ್ನನ್ನು ಯಾರೂ ಸದಾಶಿವಗಡಕ್ಕೆ ಕಳಿಸಲಾರರು ಎಂದು ಅವಳಿಗೆ ತಿಳಿದಿತ್ತು.

ಅಜ್ಜಿ ಚಿಪ್ಪು ಅಡಗಿಸಿದ್ದನ್ನು ಸೋಮಿಯೂ ಕಂಡಿದ್ದಳು. ಓಡಿ ಬಂದು ಮಡಿಲಿಗೆ ಕೈ ಹಾಕಿ ಅದನ್ನು ಹೊರಗೆ ತೆಗೆದಳು. ತಾಯಿಯ ಹಾಗೆ ತಲೆಯ ಮೇಲೆ ಎತ್ತಿ ಹಿಡಿದು, ಗೆದ್ದರೆ ಕೊಡುತ್ತೇನೆ ಎಂಬ ಮುಖ ಮಾಡಿದಳು.

"ಅಜ್ಜಿ, ಇದ್ರಾಗೆ ಎಂತದೆ, ಹೇಳು."

ನಾಗಿ ಚಿಪ್ಪನ್ನು ನೋಡಿದಳು. ಬೇಲಿಯ ಆಚೆ ಬೀರಿ ಮೀನು ಒಣಗಿಸುತ್ತಾ ಇತ್ತಲೇ ಕಿವಿಯಿಟ್ಟಿದ್ದಳು.

"ಗೊತ್ತಿಲ್ಲ" ಎಂದಳು ನಾಗಿ. ಹುಡುಗಿಯ ಕೈಯಿಂದ ಚಿಪ್ಪನ್ನು ಕಿತ್ತುಕೊಂಡು, ಕವಳದ ಸಂಚಿಯ ತಳದಲ್ಲಿ ಎಲೆಗಳ ಕೆಳಗೆ ತುರುಕಿ, ದಾರ ಎಳೆದು ಬಿಗಿದಳು.